ಇಳಿಸಿದ ತೂಕ ಮತ್ತೆ ಬಂತು, ಈ ಸಲ ಹೇಗೆ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಊರು ದಾವಣಗೆರೆ, ಎರಡು ಮಕ್ಕಳು. ಎತ್ತರ 157 ಸೆಂ.ಮೀ., ತೂಕ 82 ಕೆಜಿ. ಎರಡು ವರ್ಷದ ಹಿಂದೆ ರಾತ್ರಿ ಊಟ ಪೂರ್ತಿ ಬಿಟ್ಟು ಮೂರು ತಿಂಗಳಲ್ಲಿ 9 ಕೆಜಿ ಇಳಿಸಿದ್ದೆ. ವರ್ಷ ತುಂಬುವುದರೊಳಗೆ 11 ಕೆಜಿ ವಾಪಸ್ ಬಂತು. ಹೋದ ವಾರ ನೆಂಟರ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನಮ್ಮ ಚಿಕ್ಕಮ್ಮ ಬಡಿಸುವವರಿಗೆ, ‘ಇವಳಿಗೆ ಇನ್ನೊಂದು ಹೋಳಿಗೆ ಹಾಕಬೇಡ್ರಪ್ಪ’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಡಯಟ್ ಚಾರ್ಟ್ ಬೇಡ, ನನ್ನ ಹತ್ತಿರ ನಾಲ್ಕು ಇವೆ. ತೂಕ ಇಳಿಸಿದವರು, ಇಳಿಸಲು ಒದ್ದಾಡುತ್ತಿರುವವರು ಮನೆಯಲ್ಲಿ, ಮನಸ್ಸಿನಲ್ಲಿ ಇದನ್ನು ಹೇಗೆ ನಿಭಾಯಿಸಿದಿರಿ ಅಂತ ಹೇಳಿ.

ವಿದ್ಯಾನಗರ, ದಾವಣಗೆರೆ. ಟೀಚರ್, 47 ವರ್ಷ

ತಂಗಿ, ಮೊದಲು ಒಂದು ಮಾತು. ಆ ನಗುವಿನಲ್ಲಿ ನೀನೂ ಸೇರಿಕೊಂಡೆಯಲ್ಲ, ಅದನ್ನು ಓದಿ ನನ್ನ ಹೊಟ್ಟೆಯಲ್ಲಿ ಸಂಕಟ ಆಯಿತು. ನಾನೂ ಹಾಗೆ ಎಷ್ಟೋ ಸಲ ನಕ್ಕಿದ್ದೇನೆ.

ನಾನು 88 ಕೆಜಿ ಇದ್ದೆ, ಈಗ 75. ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ಏಳು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ.

ತಟ್ಟೆಯಲ್ಲಿ ನಾನು ಜಾಸ್ತಿ ಬಡಿಸಿಕೊಳ್ಳುತ್ತಿರಲಿಲ್ಲ. ಎರಡು ಚಪಾತಿ, ಒಂದು ಸೌಟು ಅನ್ನ, ಅಷ್ಟೇ. ಆದರೂ ಯಾಕೆ ದಪ್ಪ ಅಂತ ನನಗೇ ಅರ್ಥ ಆಗುತ್ತಿರಲಿಲ್ಲ. ಒಂದು ವಾರ ತಿಂದದ್ದನ್ನೆಲ್ಲ ಮಗಳ ಹಳೇ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಆಗ ಗೊತ್ತಾಯಿತು, ನಾನು ತಿನ್ನುತ್ತಿದ್ದದ್ದು ನಿಂತುಕೊಂಡು. ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಮಗನ ತಟ್ಟೆಯಲ್ಲಿ ಅರ್ಧ ಚಪಾತಿ ಇರುತ್ತಿತ್ತು. ಬಾಣಲೆ ತಳದಲ್ಲಿ ಎರಡು ತುತ್ತು ಪಲ್ಯ, ಎಣ್ಣೆಯೆಲ್ಲ ಅಲ್ಲೇ ಇಳಿದಿರುತ್ತಿತ್ತು. ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಸಿಂಕ್ ಮುಂದೆ ನಿಂತು ಚಪಾತಿಯಿಂದ ಬಾಣಲೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಶೇಂಗಾ ಡಬ್ಬಿ ತೆಗೆಯುತ್ತಿದ್ದೆ.

ಹಸಿವಾಗಿ ತಿನ್ನುತ್ತಿದ್ದದ್ದಲ್ಲ. ಆ ಹದಿನೈದು ನಿಮಿಷ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಇಡೀ ದಿನದಲ್ಲಿ ನನ್ನದು ಅಂತ ಇದ್ದ ಹೊತ್ತು ಅದೊಂದೇ. ಅದು ತಿಳಿದ ದಿನ ಬಹಳ ಅತ್ತೆ. ಮರುದಿನ ನಮ್ಮ ಯಜಮಾನರಿಗೆ ಹೇಳಿದೆ, ‘ರಾತ್ರಿ ಪಾತ್ರೆ ಎತ್ತಿಡುವುದು ಇನ್ನು ಮೇಲೆ ನಿಮ್ಮದು’. ಯಾಕೆ ಅಂತ ಕೇಳಿದರು. ನಿಜ ಹೇಳಿದೆ. ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ತೂಕದ ಬಗ್ಗೆ ನಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು. ಅವತ್ತಿನಿಂದ ಉಳಿದದ್ದು ಕಲಗಚ್ಚಿನ ಬಕೆಟ್‌ಗೆ ಹೋಗುತ್ತದೆ, ಹಿಂದಿನ ಬೀದಿಯಲ್ಲಿ ಎಮ್ಮೆ ಕಟ್ಟಿದವರು ಒಯ್ಯುತ್ತಾರೆ. ಆ ಹದಿನೈದು ನಿಮಿಷ ನಾನು ಹೊರಗೆ ಕಟ್ಟೆ ಮೇಲೆ ಸುಮ್ನೆ ಕೂರುತ್ತೇನೆ. ಈಗಲೂ ಅಷ್ಟೇ.

ಇನ್ನೊಂದು, ಎಣ್ಣೆ. ನಾಲ್ಕು ಜನಕ್ಕೆ ತಿಂಗಳಿಗೆ 5 ಲೀಟರ್ ಶೇಂಗಾ ಎಣ್ಣೆ ಮುಗಿಯುತ್ತಿತ್ತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇರುತ್ತದೆ. ಅರ್ಧ ಗಂಟೆ ನಡೆದರೆ ಕರಗುವುದೂ ಹೆಚ್ಚೂ ಕಡಿಮೆ ಅಷ್ಟೇ. ಕ್ಯಾನ್‌ನಿಂದ ಬಗ್ಗಿಸುವುದು ಬಿಟ್ಟು ಚಮಚದಲ್ಲಿ ಅಳೆದು ಹಾಕತೊಡಗಿದೆ. ಈಗ 3 ಲೀಟರ್ ಸಾಕು. ರುಚಿ ಕಮ್ಮಿ ಆಯಿತು ಅಂತ ಮನೆಯಲ್ಲಿ ಯಾರೂ ಅನ್ನಲಿಲ್ಲ.

ವಾಕಿಂಗ್‌ಗೆ ಕುಂದವಾಡ ಕೆರೆಗೆ ಹೋಗುತ್ತೇನೆ. ಮೊದಮೊದಲು ಜನ ನೋಡುತ್ತಾರೆ ಅಂತ ಕತ್ತಲಲ್ಲೇ ಹೋಗಿ ಬೆಳಕು ಹರಿಯುವಷ್ಟರಲ್ಲಿ ವಾಪಸ್ ಬರುತ್ತಿದ್ದೆ. ಒಂದು ತಿಂಗಳಾದ ಮೇಲೆ ಅಲ್ಲಿ ಯಾರಿಗೂ ನನ್ನನ್ನು ನೋಡಲು ಪುರುಸೊತ್ತಿಲ್ಲ ಅಂತ ತಿಳಿಯಿತು. ಬೆಣ್ಣೆ ದೋಸೆ ಮಾತ್ರ ಒಂದು ವರ್ಷ ಪೂರ್ತಿ ಮುಟ್ಟಲಿಲ್ಲ. ನೀನೂ ಬಿಡುವುದು ಒಳ್ಳೆಯದು.

ನಿಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿ, ‘ಚಿಕ್ಕಮ್ಮಾ, ನೀವು ಅಂದದ್ದು ನನಗೆ ಬಹಳ ನೋವಾಯಿತು’ ಅಂತ ಹೇಳು. ಜಗಳ ಬೇಡ, ಅಷ್ಟು ಹೇಳಿದರೆ ಸಾಕು. ನನಗೂ ಒಬ್ಬರು ಹೀಗೇ ಅನ್ನುತ್ತಿದ್ದರು. ಹೇಳಿದ ಮೇಲೆ ನಿಲ್ಲಿಸಿದರು.

ಚಿತ್ರದುರ್ಗ. ಕಿರಾಣಿ ಅಂಗಡಿ, 52 ವರ್ಷ

ನಾವು ಗಂಡಸರು ಇದನ್ನೆಲ್ಲ ಮಾತಾಡುವುದಿಲ್ಲ. ಮೇಲಿನ ಅಕ್ಕಾವ್ರು ಬರೆದದ್ದು ನೋಡಿ ಬರೆಯಬೇಕು ಅನ್ನಿಸಿತು.

ನನ್ನದು 96 ಕೆಜಿ ಇತ್ತು. ಡಾಕ್ಟರ್ ಶುಗರ್ ಅಂಚಿನಲ್ಲಿದೆ ಅಂದ ಮರುದಿನವೇ ಕೋಟೆ ಹತ್ತಿಬಿಟ್ಟೆ, ಏಕನಾಥೇಶ್ವರಿ ಗುಡಿವರೆಗೂ. ನಾಲ್ಕು ದಿನ ಹಾಗೇ ಹತ್ತಿ ಇಳಿದೆ. ಐದನೇ ದಿನ ಮಂಡಿ ಊದಿಕೊಂಡಿತು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಮೂರು ವಾರ ಮನೆಯಲ್ಲೇ ಕೂತೆ. ದಯವಿಟ್ಟು ಭಾರ ಇರುವವರು ಸಮತಟ್ಟು ಜಾಗದಲ್ಲಿ ಶುರು ಮಾಡಿ. ನಾನು ಈಗ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ನಡೆಯುತ್ತೇನೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಮ್ಮಿ ಆಗುತ್ತದಂತೆ. 96ರಿಂದ 89ಕ್ಕೆ ಬಂದಿದ್ದೇನೆ, ಗಲ್ಲಾ ಪೆಟ್ಟಿಗೆಯಿಂದ ಏಳುವಾಗ ಕೈ ಊರುವುದು ನಿಂತಿದೆ.

ನನಗೆ ತೂಕ ಬಂದದ್ದು ಊಟದಿಂದಲ್ಲ, ಚಹಾದಿಂದ. ಅಂಗಡಿಗೆ ಪರಿಚಯದವರು ಬಂದಾಗೆಲ್ಲ ಒಂದು ಚಹಾ. ದಿನಕ್ಕೆ ಏಳು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಲೆಕ್ಕ ಹಾಕಿದರೆ ದಿನಕ್ಕೆ 70 ಗ್ರಾಂ. ಚಹಾ ಹುಡುಗನಿಗೆ ಹೇಳಿಬಿಟ್ಟಿದ್ದೇನೆ, ನನಗೆ ಸಕ್ಕರೆ ಇಲ್ಲದ್ದು, ದಿನಕ್ಕೆ ಮೂರೇ. ಮುದ್ದೆ ಬಿಟ್ಟಿಲ್ಲ. ಎರಡು ಇದ್ದದ್ದು ಒಂದಾಗಿದೆ, ಸೊಪ್ಪಿನ ಸಾರು ಎರಡು ಸೌಟು ಜಾಸ್ತಿ ಆಗಿದೆ.

ಪಿ.ಜೆ. ಬಡಾವಣೆ, ದಾವಣಗೆರೆ

ಟೀಚರ್ ಅಕ್ಕಾ, ನಿಮ್ಮ ಮಾತೆಲ್ಲ ಒಪ್ಪಿದೆ, ಬೆಣ್ಣೆ ದೋಸೆ ವಿಷಯ ಬಿಟ್ಟು. ಪೂರ್ತಿ ಬಿಟ್ಟವರು ಒಂದು ದಿನ ಸೋತರೆ ಒಂದು ಪ್ಲೇಟಿಗೆ ನಿಲ್ಲುವುದಿಲ್ಲ. ನಾನು ನಿಂತಿಲ್ಲ. ತಿಂಗಳ ಮೊದಲ ಭಾನುವಾರ ಅಪ್ಪನ ಜೊತೆ ಹೋಗಿ ಒಂದು ಬೆಣ್ಣೆ ದೋಸೆ ಕೂತು ತಿನ್ನುತ್ತೇನೆ. ಅಪ್ಪನಿಗೆ 74 ವರ್ಷ. ಆ ಟೇಬಲ್ ಮುಂದೆ ಅವರು ಮಾತಾಡುವಷ್ಟು ಮನೆಯಲ್ಲಿ ಮಾತಾಡುವುದಿಲ್ಲ. ಅದನ್ನು ಬಿಟ್ಟು ನಾನು ಸಣ್ಣ ಆಗಬೇಕಾಗಿಲ್ಲ. ಸಂಜೆಯ ಮಂಡಕ್ಕಿ ಮಿರ್ಚಿಯಲ್ಲೂ ಮಂಡಕ್ಕಿ ಹಗುರ. ಒಗ್ಗರಣೆ ಎಣ್ಣೆ, ಮಿರ್ಚಿ ಎರಡನ್ನು ನೋಡಿಕೊಂಡರೆ ಆಯಿತು.

ದಾವಣಗೆರೆ. ನರ್ಸ್, 16 ವರ್ಷದ ಸರ್ವಿಸ್

ನಿಮ್ಮ 11 ಕೆಜಿ ವಾಪಸ್ ಬಂದದ್ದು ನಿಮ್ಮ ಸೋಮಾರಿತನ ಅಲ್ಲ. ಇದನ್ನು ದಿನಾ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ತೂಕ ಇಳಿದಾಗ ಬರಗಾಲ ಬಂತು ಅಂತ ದೇಹ ತಿಳಿಯುತ್ತದೆ. ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನ್ ಕಮ್ಮಿ ಆಗುತ್ತದೆ, ಹಸಿವಿನ ಹಾರ್ಮೋನ್ ಏರುತ್ತದೆ, ದೇಹ ಖರ್ಚನ್ನೂ ಕಡಿತ ಮಾಡುತ್ತದೆ. ಒಮ್ಮೆಲೇ ಇಳಿಸಿದರೆ ಮಾಂಸಖಂಡವೂ ಕರಗುತ್ತದೆ. ಕೂದಲು ಎರಡು ಮೂರು ತಿಂಗಳಾದ ಮೇಲೆ ಉದುರಲು ಶುರು ಆಗುತ್ತದೆ. ಪಿತ್ತಕೋಶದಲ್ಲಿ ಕಲ್ಲು ಆಗುವುದೂ ಉಂಟು. ವಾರಕ್ಕೆ ಅರ್ಧ ಕೆಜಿ, ಹೆಚ್ಚೆಂದರೆ ಒಂದು ಕೆಜಿ ಸಾಕು. ಮೊದಲ ವಾರ ಮೂರು ಕೆಜಿ ಇಳಿದರೆ ಅದು ಬಹುಪಾಲು ನೀರು, ಅದನ್ನು ನೋಡಿ ಕುಣಿಯಬೇಡಿ, ಎರಡನೇ ವಾರ ಅಳಬೇಡಿ.

ಗುರಿ 55 ಕೆಜಿ ಅಂತ ಇಟ್ಟುಕೊಳ್ಳಬೇಡಿ. ಇದ್ದ ತೂಕದಲ್ಲಿ ಶೇ. 5ರಿಂದ 10 ಇಳಿದರೂ ಬಿಪಿ, ಶುಗರ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ನಿಮಗೆ ಅಂದರೆ ಮೊದಲಿಗೆ 4 ಕೆಜಿ ಚಿಲ್ಲರೆ. ಜೊತೆಗೆ ಸೊಂಟಕ್ಕೆ ಟೇಪ್ ಹಿಡಿದು ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಶುರು ಮಾಡುವ ಮೊದಲು ಥೈರಾಯ್ಡ್, ಶುಗರ್ ಪರೀಕ್ಷೆ ಮಾಡಿಸಿ. ಮುಟ್ಟು ಸರಿಯಾಗಿ ಆಗುತ್ತಿಲ್ಲ ಅಂದರೆ ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇದೆಯಾ ಅಂತ ಡಾಕ್ಟರನ್ನು ಕೇಳಿ. ಸ್ಟೆರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಹಾಗಂತ ನೀವಾಗಿ ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು ಇದನ್ನು ಓದುತ್ತಿದ್ದರೆ, ಡಾಕ್ಟರನ್ನು ಕೇಳದೆ ಊಟ ಬಿಡಲೇಬೇಡಿ. ಶುಗರ್ ತೀರಾ ಇಳಿದು ಬೆವರಿ, ನಡುಗಿ ಬಿದ್ದವರನ್ನು ನಾನೇ ಹಿಡಿದು ಮಲಗಿಸಿದ್ದೇನೆ.

2025ರಲ್ಲಿ ನಮ್ಮ ದೇಶಕ್ಕೂ ಬಂದ, ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಅದು ಕೆಲಸ ಮಾಡುತ್ತದೆ. ಆದರೆ ಎಲ್ಲರಿಗೂ ಆಗಿಬರುವುದಿಲ್ಲ, ನಿಲ್ಲಿಸಿದರೆ ಬಹಳ ಜನಕ್ಕೆ ತೂಕ ಮರಳಿ ಬರುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಹೊಳಲ್ಕೆರೆ. 23 ವರ್ಷ

ಅಕ್ಕಾ, ನಾನು ಹಾಸ್ಟೆಲ್‌ನಲ್ಲಿದ್ದಾಗ ದಿನಕ್ಕೆ ಮೂರು ಸಲ ತೂಕ ನೋಡುತ್ತಿದ್ದೆ. ನೀರು ಕುಡಿಯುವ ಮೊದಲು ಒಂದು ಸಲ, ಕುಡಿದ ಮೇಲೆ ಒಂದು ಸಲ. ಬೆಳಿಗ್ಗೆಯಿಂದ ಒಂದು ಸೇಬು ತಿಂದು ಇರುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿಕೊಂಡು ಮೂರು ಪ್ಯಾಕೆಟ್ ಬಿಸ್ಕೆಟ್ ಒಂದೇ ಸಲಕ್ಕೆ ಮುಗಿಸುತ್ತಿದ್ದೆ. ರುಚಿ ಗೊತ್ತಾಗುತ್ತಿರಲಿಲ್ಲ. ಕವರ್‌ಗಳನ್ನು ಬ್ಯಾಗಿನಲ್ಲಿ ಅಡಗಿಸಿ ಬಸ್ ಸ್ಟ್ಯಾಂಡ್‌ನಲ್ಲಿ ಎಸೆಯುತ್ತಿದ್ದೆ. ಇದು ಒಂದು ಕಾಯಿಲೆ, ಚಿಕಿತ್ಸೆ ಇದೆ ಅಂತ ಯಾರೂ ಹೇಳಿರಲಿಲ್ಲ. ಯಾರಿಗಾದರೂ ಹೀಗೆ ಆಗುತ್ತಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ನಂಬರ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಾನು ಮಾಡಿದಾಗ ಮೊದಲ ಐದು ನಿಮಿಷ ಅತ್ತೆ ಅಷ್ಟೇ. ಆ ಕಡೆಯವರು ಕಾದರು. ನನ್ನ ತೂಕ ಇನ್ನೂ ಇಳಿದಿಲ್ಲ. ಆದರೆ ಈಗ ಅಮ್ಮನ ಜೊತೆ ಕೂತು ಮೂರು ಹೊತ್ತು ಉಣ್ಣುತ್ತೇನೆ.

ಹರಿಹರ ರಸ್ತೆ, ದಾವಣಗೆರೆ. 63 ವರ್ಷ, ಮೊಮ್ಮಗಳಿಂದ ಬರೆಸಿದ್ದು

ನಾನು ಅತ್ತೆ. ಬಡಿಸುವ ಕೈ ನನ್ನದು. ಆ ಕಡೆಯಿಂದಲೂ ಒಂದು ಮಾತು ಇರಲಿ.

ನನ್ನ ಸೊಸೆ ಸಣ್ಣ ಆಗಬೇಕು ಅಂತ ಹೊರಟಾಗ ನಾನು ಬಹಳ ಅಡ್ಡ ಬಂದೆ. ನಾನು ರೊಟ್ಟಿ ತಟ್ಟಿ ಬಿಸಿಬಿಸಿ ತಂದರೆ ‘ಸಾಕು ಅತ್ತೆ’ ಅನ್ನುತ್ತಿದ್ದಳು. ರೊಟ್ಟಿ ಬೇಡ ಅಂದರೆ ನನ್ನನ್ನೇ ಬೇಡ ಅಂದಹಾಗೆ ಆಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಎಂಟು ಮಕ್ಕಳು, ರೊಟ್ಟಿ ಎಣಿಸಿ ಕೊಡುತ್ತಿದ್ದರು. ಹೊಟ್ಟೆ ತುಂಬ ಬಡಿಸುವುದೇ ಪ್ರೀತಿ ಅಂತ ತಿಳಿದು ಬೆಳೆದವಳು ನಾನು. ಅವಳು ಬೇಡ ಅಂದದ್ದಕ್ಕೆ ಒಂದು ಸಲ ಎರಡು ದಿನ ಮಾತು ಬಿಟ್ಟೆ.

ಆಮೇಲೆ ಅವಳೇ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ‘ಅತ್ತೆ, ನಿಮ್ಮ ಕೈರುಚಿ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ. ಡಾಕ್ಟರ್ ಬಿಪಿ ಅಂದಿದ್ದಾರೆ, ನನಗೆ ಹೆದರಿಕೆ ಆಗ್ತಿದೆ’ ಅಂದಳು. ಅದನ್ನು ಮೊದಲೇ ಹೇಳಿದ್ದರೆ! ಈಗ ಇಬ್ಬರದ್ದೂ ಒಂದೇ ಊಟ. ಒಂದೂವರೆ ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು, ಮೇಲೆ ಮಜ್ಜಿಗೆ. ಶೇಂಗಾ ಚಟ್ನಿಪುಡಿಗೆ ಎಣ್ಣೆ ಹಾಕಿ ಕಲಸುತ್ತಿದ್ದೆ, ಈಗ ಮೊಸರು. ಮಗಳೇ, ನಿಮ್ಮ ಅತ್ತೆಗೆ ಹೇಳಿ ನೋಡು.

ಕೇಳಿದವಳು, ಒಂಬತ್ತು ದಿನದ ನಂತರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಮ್ಮಾ, ನೀವು ಬರೆಸಿದ್ದನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮರುದಿನ ನನ್ನ ತಟ್ಟೆಗೆ ಎರಡನೇ ಸಲ ಅನ್ನ ಹಾಕಲು ಸೌಟು ಎತ್ತಿದವರು ಹಾಗೇ ಇಳಿಸಿ, ‘ಬೇಕಾ?’ ಅಂತ ಕೇಳಿದರು. ಮದುವೆಯಾಗಿ ಹತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಅದು ಕಮ್ಮಿ ಕೆಲಸ ಮಾಡುತ್ತಿದೆ ಅಂತ ಬಂದಿದೆ, ಮಾತ್ರೆ ಶುರುವಾಗಿದೆ. ನರ್ಸ್ ಅಕ್ಕನಿಗೆ ಬಹಳ ಥ್ಯಾಂಕ್ಸ್. ಚಿಕ್ಕಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ. ನಂಬರ್ ತೆಗೆದು ಎರಡು ಸಲ ಇಟ್ಟುಬಿಟ್ಟೆ. ತೂಕ 81.6.

ಟೀಚರ್ ಅಕ್ಕಾ, ನಾಳೆ ಬೆಳಿಗ್ಗೆ ಆರಕ್ಕೆ ಕುಂದವಾಡ ಕೆರೆಗೆ ಬರುತ್ತೇನೆ. ಗೇಟ್ ಹತ್ತಿರ ನಿಂತಿರುತ್ತೇನೆ, ನೀಲಿ ಚೂಡಿದಾರ್. ನೀವು ಬರುವವರೆಗೆ ಒಳಗೆ ಹೋಗುವುದಿಲ್ಲ.