ಫಿಟ್ಟರ್ ಕೆಲಸದ ಜೊತೆಗೆ ಕಚೇರಿ ಕೆಲಸವೂ ಇರುವ ಉದ್ಯೋಗ ಯಾವುದು?

ಪ್ರಶ್ನೆ (ಕಟಪಾಡಿಯ ಸದಸ್ಯರು): ನಮಸ್ಕಾರ ಸರ್. ಎರಡು ವರ್ಷದ ಐಟಿಐ ಫಿಟ್ಟರ್ ತರಬೇತಿ ಮುಗಿಸಿ, ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪೊಂದರಲ್ಲಿ ಪಂಪು, ಗೇರ್‌ಬಾಕ್ಸ್ ದುರಸ್ತಿ ಮಾಡುತ್ತಿದ್ದೇನೆ. ಕೈಕೆಲಸ ಬಿಡುವ ಮನಸ್ಸಿಲ್ಲ; ಆದರೆ ಡ್ರಾಯಿಂಗ್, ಲೆಕ್ಕ, ಕಂಪ್ಯೂಟರ್ ಕೆಲಸವೂ ನನಗೆ ಒಗ್ಗುತ್ತದೆ. ಎರಡೂ ಇರುವ ಉದ್ಯೋಗ ನಮ್ಮ ಕಡೆ ಸಿಗಬಹುದೇ? ಮನೆಯವರು ಸೂಪರ್‌ವೈಸರ್ ಹುದ್ದೆಗೆ ಪ್ರಯತ್ನಿಸು ಎನ್ನುತ್ತಾರೆ.

ಉತ್ತರ (ಕಾರ್ಖಾನೆಯ ನಿರ್ವಹಣಾ ವಿಭಾಗದ ಇಂಜಿನಿಯರ್): ಹುದ್ದೆಯ ಹೆಸರು ನೋಡಿ ತೀರ್ಮಾನಿಸಬೇಡಿ, ಸೂಪರ್‌ವೈಸರ್ ಎಂದು ಕರೆದು ದಿನವಿಡೀ ಹಾಜರಿ ಪುಸ್ತಕ ಬರೆಸುವ ಕಡೆಗಳೂ ಇವೆ. ದೊಡ್ಡ ಕಾರ್ಖಾನೆಗಳಲ್ಲಿ ಮೆಂಟೆನೆನ್ಸ್ ಪ್ಲಾನರ್ ಎಂಬ ಹುದ್ದೆಯಿದೆ. ಒಂದು ಪಂಪು ಬಿಚ್ಚಲು ಎಷ್ಟು ಜನ, ಎಷ್ಟು ಗಂಟೆ, ಯಾವ ಬೇರಿಂಗ್, ಯಾವ ಸೀಲ್ ಬೇಕು, ವರ್ಕ್ ಪರ್ಮಿಟ್‌ಗೆ (ಕೆಲಸ ಆರಂಭಿಸಲು ಬೇಕಾದ ಲಿಖಿತ ಅನುಮತಿ) ಯಾರ ಸಹಿ ಬೇಕು ಎಂಬುದನ್ನೆಲ್ಲ ಮುಂಚಿತವಾಗಿ ಬರೆದು, ಸ್ಟೋರಿಗೆ ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪತ್ರ) ಹಾಕಿ, ಕೆಲಸ ನಡೆಯುವಾಗ ಸ್ಥಳಕ್ಕೆ ಹೋಗಿ ನೋಡಿ, ಮುಗಿದ ಮೇಲೆ ಯಂತ್ರದ ದಾಖಲೆ ತುಂಬುವುದು ಅವರ ಹೊಣೆ. ಪಣಂಬೂರಿನ ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟುಗಳನ್ನು ಸ್ವತಃ ಬಿಚ್ಚಿದವರು ಅದಕ್ಕೆ ಹಿಡಿಯುವ ಹೊತ್ತನ್ನು ಸರಿಯಾಗಿ ಅಂದಾಜು ಮಾಡುತ್ತಾರೆ; ಹೊರಗಿನ ಪೇಂಟಿಂಗ್ ಕೆಲಸವನ್ನು ಜೂನ್‌ಗೆ ಇಡುವುದೂ ಇಲ್ಲ. ಆದರೆ ಆ ಹುದ್ದೆಯಲ್ಲಿ ಸ್ಪ್ಯಾನರ್ ಹಿಡಿಯುವ ಸಂದರ್ಭ ಅಪರೂಪ.

ಕೈಗೂ ಕೆಲಸ ಬೇಕೆಂದಾದರೆ, ನನ್ನ ಸಲಹೆ ಎನ್‌ಡಿಟಿ, ಅಂದರೆ ಲೋಹವನ್ನು ಕೆಡಿಸದೆ ಅದರ ದೋಷ ಹುಡುಕುವ ಪರೀಕ್ಷೆ. ಇದರ ಸರಳ ವಿಧಾನದಲ್ಲಿ ವೆಲ್ಡಿಂಗ್ ಜಾಯಿಂಟನ್ನು ಶುಚಿಗೊಳಿಸಿ, ಕೆಂಪು ಬಣ್ಣದ ದ್ರವ ಹಚ್ಚಿ, ಅದು ಬಿರುಕಿನೊಳಗೆ ಇಳಿಯಲು ಸಮಯ ಕೊಟ್ಟು, ಮೇಲ್ಮೈ ಒರೆಸಿ ಒಳಗಿನ ದ್ರವವನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹಾಕಿದಾಗ, ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಬಳಿಕ ಜಾಯಿಂಟ್ ಸಂಖ್ಯೆ, ದೋಷದ ಉದ್ದ, ಫಲಿತಾಂಶಗಳನ್ನು ವರದಿಯಲ್ಲಿ ನಮೂದಿಸಬೇಕು. ಎನ್‌ಡಿಟಿ ಪ್ರಮಾಣಪತ್ರದಲ್ಲಿ ಹಂತಗಳಿವೆ: ಲೆವೆಲ್ 1 ಆದವರು ಸೂಚನೆಯಂತೆ ಪರೀಕ್ಷೆ ನಡೆಸುತ್ತಾರೆ. ಲೆವೆಲ್ 2 ಆದವರು ಫಲಿತಾಂಶವನ್ನು ಅರ್ಥೈಸಿ ವರದಿಗೆ ಸಹಿ ಹಾಕಬಹುದು. ತೈಲ ಶುದ್ಧೀಕರಣ ಘಟಕ, ಮಲ್ಪೆಯ ಹಡಗು ನಿರ್ಮಾಣದಂಥ ಕಡೆ ಈ ಪರೀಕ್ಷೆ ಅನಿವಾರ್ಯ. ಹೆಚ್ಚಾಗಿ ಗುತ್ತಿಗೆಯ ಕೆಲಸವಾದ್ದರಿಂದ ಊರೂರು ಅಲೆಯಬೇಕಾದೀತು ಎಂಬುದನ್ನೂ ಮನೆಯಲ್ಲಿ ಹೇಳಿಡಿ.

ಪ್ರಶ್ನೆ: ಧನ್ಯವಾದ ಸರ್. ಹಾಗಾದರೆ ಡಿಪ್ಲೊಮಾ ಮಾಡಲೇಬೇಕೇ?

ಉತ್ತರ: ಎನ್‌ಡಿಟಿಗೆ ಈಗಿನ ಅರ್ಹತೆಯಿಂದಲೇ ಆರಂಭಿಸಬಹುದು. ಪ್ಲಾನರ್ ಹುದ್ದೆಗಳಿಗೆ ಸಾಮಾನ್ಯವಾಗಿ ಡಿಪ್ಲೊಮಾ ಕೇಳುತ್ತಾರೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಲ್ಯಾಟರಲ್ ಎಂಟ್ರಿಯ ಮೂಲಕ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ. ಕದ್ರಿಯಲ್ಲಿ 1946ರಿಂದ ಇರುವ ಸರಕಾರಿ ಪಾಲಿಟೆಕ್ನಿಕ್, ನಾವೆಲ್ಲ ಕೆಪಿಟಿ ಎನ್ನುವುದು, ನಿಮಗೆ ಹತ್ತಿರವೇ. ಅಷ್ಟರವರೆಗೆ ನೀವು ಬಿಚ್ಚಿದ ಪ್ರತಿ ಪಂಪಿಗೂ ದೋಷ, ಕಾರಣ, ಬದಲಿಸಿದ ಭಾಗ, ಹಿಡಿದ ಸಮಯಗಳನ್ನು ಎಕ್ಸೆಲ್‌ನಲ್ಲಿ ಬರೆದಿಡಿ. ಸಂದರ್ಶನದಲ್ಲಿ ಅದನ್ನು ತೋರಿಸಿ, ವಾರಕ್ಕೆ ಎಷ್ಟು ಹೊತ್ತು ಯಂತ್ರದ ಬಳಿ ಇರಬೇಕಾಗುತ್ತದೆ ಎಂದು ನೀವೂ ಅವರನ್ನು ಕೇಳಿ.