ಒಂದು ಪ್ಲೇಟ್ ಇನ್ನೊಂದರ ಅಡಿಗೆ ಹೋಗುವ ಕಡೆ ಹೊಸ ಸಮುದ್ರ ಹೇಗೆ ತೆರೆಯುತ್ತದೆ?

ತೋಟದಮನೆ_ವಿರಾಜಪೇಟೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಮಳೆ ಬಿಡುತ್ತಿಲ್ಲ, ತೋಟದ ಕಡೆ ಹೋಗುವ ಹಾಗಿಲ್ಲ, ಸುಮ್ನೆ ಕೂತು ಅಂಡಮಾನ್ ಬಗ್ಗೆ ಓದುತ್ತಿದ್ದೆ. ನಮ್ಮ ಇಂಡಿಯಾ ಪ್ಲೇಟ್ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಅಲ್ಲಿ ಪೂರ್ವದ ಪ್ಲೇಟಿನ ಅಡಿಗೆ ಹೋಗುತ್ತಿದೆ, 2004ರ ಸುನಾಮಿಗೆ ಕಾರಣವೂ ಅದೇ. ಅಷ್ಟು ಅರ್ಥವಾಯಿತು. ಆದರೆ ಅದೇ ದ್ವೀಪಗಳ ಬೆನ್ನಿಗೆ ಅಂಡಮಾನ್ ಸಮುದ್ರದ ತಳ ಅಗಲವಾಗುತ್ತಿದೆಯಂತೆ! ಎರಡು ಪ್ಲೇಟ್ ಹತ್ತಿರ ಬಂದರೆ ನಡುವೆ ಇರುವುದು ಮುದುಡಬೇಕು ಅಲ್ವಾ? ಬಿರಿಯುವುದು ಯಾಕೆ? ಹೀಗೆ ಹುಟ್ಟಿದ ಸಮುದ್ರಗಳು ಕೊನೆಗೆ ಏನಾಗುತ್ತವೆ? ನಮ್ಮ ಕೊಡಗಿನ ಬೆಟ್ಟಕ್ಕೂ ಇದಕ್ಕೂ ನಂಟು ಇದೆಯಾ?

ಬಂಡೆಪ್ರಿಯ
ಒಳ್ಳೆ ಪ್ರಶ್ನೆ. ಅಡಿಗೆ ಹೋಗುವ ಪ್ಲೇಟನ್ನು ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಅಂದುಕೊಂಡರೆ ಇದು ಬಗೆಹರಿಯುವುದಿಲ್ಲ. ಹಳೆಯ ಸಮುದ್ರತಳ ತಣ್ಣಗಾಗಿ, ಕೆಳಗಿನ ಬಿಸಿ ಬಂಡೆಯ ಪದರವಾದ ಮ್ಯಾಂಟಲ್‌ಗಿಂತ ಭಾರವಾಗಿರುತ್ತದೆ. ಅದು ತನ್ನ ತೂಕಕ್ಕೇ ಮುಳುಗುತ್ತದೆ. ಕೆರೆಯ ಮೇಲೆ ಹಾಸಿದ ಒದ್ದೆ ಕಂಬಳಿಯ ಒಂದು ಅಂಚು ಮುಳುಗಿದರೆ, ಬಾಗುವ ಜಾಗ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದಲ್ಲ, ಹಾಗೆ. ಆ ಬಾಗುವ ಜಾಗವೇ ಟ್ರೆಂಚ್, ಸಮುದ್ರತಳದ ಆಳವಾದ ಕಂದಕ. ಟ್ರೆಂಚ್ ಸಮುದ್ರದ ಕಡೆಗೆ ಸರಿದರೆ ಮೇಲಿನ ಪ್ಲೇಟಿನ ಅಂಚೂ ಅದರ ಹಿಂದೆಯೇ ಹೋಗಬೇಕು, ಜ್ವಾಲಾಮುಖಿಗಳ ಸಾಲನ್ನೂ ಹೊತ್ತುಕೊಂಡು. ಹಿಂಭಾಗ ಮಾತ್ರ ಖಂಡಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ನಡುವೆ ಪ್ಲೇಟ್ ಬಿರಿಯುತ್ತದೆ. ಬಿರಿದಲ್ಲಿ ಬಿಸಿ ಮ್ಯಾಂಟಲ್ ಮೇಲೆ ಬಂದು, ಒತ್ತಡ ಇಳಿದು, ಕರಗಿ, ಹೊಸ ಸಮುದ್ರತಳ ಆಗುತ್ತದೆ.

1970ರಲ್ಲಿ ಭೂವಿಜ್ಞಾನಿ ಡಾನ್ ಕ್ಯಾರಿಗ್ ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳ ಹಿಂದಿನ ಲಾವ್ ಬೇಸಿನ್ ಅನ್ನುವ ಸಮುದ್ರದ ತಗ್ಗು ನೋಡಿ, ಇದು ದ್ವೀಪಸಾಲು ಸೀಳಿ ತೆರೆದದ್ದು ಅಂತ ಹೇಳಿದರು. ಟೋಂಗಾದ ಉತ್ತರ ತುದಿಯಲ್ಲಿ ಎರಡು ಪ್ಲೇಟ್ ಹತ್ತಿರ ಬರುವ ವೇಗ ವರ್ಷಕ್ಕೆ ಸುಮಾರು 24 ಸೆಂ.ಮೀ., ಭೂಮಿಯ ಮೇಲೆ ಅದೇ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಹಿಂದಿನ ಬೇಸಿನ್ ತೆರೆಯುವುದರಿಂದಲೇ ಬರುತ್ತದೆ. ಆದರೆ ಎಲ್ಲ ಕಡೆ ಹೀಗಾಗುವುದಿಲ್ಲ. ಪೆರು, ಚಿಲಿಯಲ್ಲೂ ಪ್ಲೇಟ್ ಅಡಿಗೆ ಹೋಗುತ್ತಿದೆ, ಅಲ್ಲಿ ಸಮುದ್ರ ತೆರೆದಿಲ್ಲ, ಆಂಡಿಸ್ ಎದ್ದಿದೆ.

ನಿವೃತ್ತ_ಫೌಜಿ
ಬಂಡೆಪ್ರಿಯ ಹೇಳಿದ್ದು ಸರಿ, ಆದರೆ ಅಂಡಮಾನ್‌ಗೆ ಅದನ್ನು ಹಾಗೇ ಹಚ್ಚಬೇಡಿ. ಅಲ್ಲಿ ಇಂಡಿಯಾ ಪ್ಲೇಟ್ ನೇರವಾಗಿ ಅಲ್ಲ, ಓರೆಯಾಗಿ ಹೋಗುತ್ತದೆ. ಆ ಓರೆ ಎಳೆತಕ್ಕೆ ಮೇಲಿನ ಪ್ಲೇಟಿನ ಅಂಚಿನ ಒಂದು ಪಟ್ಟಿ ಸೀಳಿಕೊಂಡು ಉತ್ತರಕ್ಕೆ ಜಾರುತ್ತಿದೆ. ಪಟ್ಟಿ ಜಾರಿದ ಜಾಗದಲ್ಲಿ ಸುಮಾರು 40 ಲಕ್ಷ ವರ್ಷಗಳಿಂದ ಹೊಸ ತಳ ಹುಟ್ಟುತ್ತಿದೆ. ಬ್ಯಾರನ್ ದ್ವೀಪ ಇದೇ ಸಮುದ್ರದಲ್ಲಿದೆ. ನಮ್ಮ ದೇಶದ ಜೀವಂತ ಜ್ವಾಲಾಮುಖಿ ಅದೊಂದೇ, 1991ರಿಂದ ಆಗಾಗ ಉಗುಳುತ್ತಿದೆ.

ಕೊನೆಗೆ ಏನಾಗುತ್ತದೆ ಅಂದರೆ, ಬಹುಪಾಲು ಮುಚ್ಚಿಹೋಗುತ್ತವೆ. ಈ ಸಮುದ್ರಗಳಿಗೆ ಆಯಸ್ಸು ಕಮ್ಮಿ. ಜಪಾನ್ ಸಮುದ್ರ ಸುಮಾರು 2.5 ಕೋಟಿಯಿಂದ 1.5 ಕೋಟಿ ವರ್ಷದ ಹಿಂದಿನ ನಡುವೆ ತೆರೆಯಿತು, ಜಪಾನ್ ಏಷ್ಯಾದಿಂದ ಬೇರೆಯಾದದ್ದು ಆಗಲೇ. ಈಗ ಅದೇ ಸಮುದ್ರದ ಪೂರ್ವ ಅಂಚು ಒತ್ತಡದಲ್ಲಿದೆ. ತೆರೆಯುವಾಗ ಆದ ಬಿರುಕುಗಳೇ ಎಷ್ಟೋ ಕಡೆ ಈಗ ಉಲ್ಟಾ ಜಾರುತ್ತಿವೆ. 2024ರ ಜನವರಿ 1ರಂದು ಜಪಾನಿನ ನೋಟೊದಲ್ಲಿ 7.5ರ ಭೂಕಂಪ ಆಯಿತಲ್ಲ, ಅದೂ ಈ ಒತ್ತಡದ್ದೇ. ದಕ್ಷಿಣ ಚೀನಾ ಸಮುದ್ರದ ತಳ ಫಿಲಿಪೈನ್ಸ್ ಹತ್ತಿರದ ಮನಿಲಾ ಟ್ರೆಂಚ್‌ನಲ್ಲಿ ಪೂರ್ವಕ್ಕೆ ಮುಳುಗುತ್ತಿದೆ. ಅದರ ಉತ್ತರ ತುದಿಯಲ್ಲಿ ಲುಜಾನ್ ದ್ವೀಪಸಾಲು ಚೀನಾದ ಅಂಚಿಗೆ ಗುದ್ದಿ ತೈವಾನ್ ಬೆಟ್ಟಗಳು ಎದ್ದಿವೆ. ಸಮುದ್ರತಳ ಮುಳುಗುತ್ತದೆ, ಖಂಡದ ತುಂಡು ಹಗುರ, ಮುಳುಗುವುದಿಲ್ಲ, ಅದು ಬಂದಾಗ ಗುದ್ದಾಟ ಶುರು.

ದ್ರಾಸ್, ಕಾರ್ಗಿಲ್ ಕಡೆ ಡ್ಯೂಟಿ ಮಾಡಿದವರು ಕೊಡಗಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ಅವರ ಬೂಟಿನ ಕೆಳಗಿದ್ದ ಕಲ್ಲು ಎಷ್ಟೋ ಕಡೆ ಟೆಥಿಸ್ ಸಮುದ್ರದ (ಹಿಂದೆ ಇಂಡಿಯಾ, ಏಷ್ಯಾ ನಡುವೆ ಇದ್ದು ಮುಚ್ಚಿಹೋದದ್ದು) ದ್ವೀಪಜ್ವಾಲಾಮುಖಿಗಳದ್ದು! ಸುಮಾರು 5 ಕೋಟಿ ವರ್ಷದ ಹಿಂದೆ ಇಂಡಿಯಾ ಏಷ್ಯಾಕ್ಕೆ ಗುದ್ದಿದಾಗ ನಡುವೆ ಸಿಕ್ಕಿಕೊಂಡವು.

ತೋಟದಮನೆ_ವಿರಾಜಪೇಟೆ
ಇಬ್ಬರಿಗೂ ಥ್ಯಾಂಕ್ಸ್. ದ್ರಾಸ್ ವಿಷಯ ನಮ್ಮ ಚಿಕ್ಕಪ್ಪನಿಗೆ ಹೇಳಲೇಬೇಕು. ಕೊಡಗಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಬಂಡೆಪ್ರಿಯ
ಕೊಡಗಿನ ಬೆಟ್ಟದ ಎತ್ತರಕ್ಕೆ ಇದು ಕಾರಣ ಅಲ್ಲ. ಪಶ್ಚಿಮ ಘಟ್ಟದ ಕಥೆ ಖಂಡ ಒಡೆದದ್ದರ ಕಥೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ. ಆದರೆ ಬಂಡೆಯ ವಿಷಯ ಬೇರೆ. ಕೊಡಗಿನ ಚಾರ್ನೊಕೈಟ್ ಅನ್ನುವ ಗಟ್ಟಿ ಬಂಡೆ 300 ಕೋಟಿ ವರ್ಷಕ್ಕಿಂತ ಹಳೆಯದು. ಕೊಡಗು ಒಂದು ಪುಟ್ಟ ಬೇರೆ ಖಂಡ, ನಡುವಿನ ಸಮುದ್ರ ಮುಚ್ಚಿ ಧಾರವಾಡದ ಕಡೆಯ ನೆಲಕ್ಕೆ ಬಂದು ಕೂಡಿಕೊಂಡಿತು, ಅದರ ಹೊಲಿಗೆ ಮರ್ಕೆರಾ (ಮಡಿಕೇರಿಯ ಹಳೆ ಹೆಸರು) ಶಿಯರ್ ಝೋನ್, ಅಂದರೆ ಬಂಡೆಗಳು ಉಜ್ಜಿ ಜಾರಿದ ಪಟ್ಟಿ, ಅಂತ 2015ರಲ್ಲಿ ಭೂವಿಜ್ಞಾನಿ ಎಂ. ಸಂತೋಷ್ ಮತ್ತು ಜೊತೆಗಾರರು ವಾದಿಸಿದ್ದಾರೆ. ನನಗೆ ಅದು ಒಪ್ಪಿಗೆಯಾಗುವ ವಾದ. ಆದರೆ ಅಷ್ಟು ಹಿಂದೆ ಪ್ಲೇಟುಗಳು ಈಗಿನ ಹಾಗೆ ಮುಳುಗುತ್ತಿದ್ದವಾ ಅನ್ನುವುದರ ಬಗ್ಗೆಯೇ ತಜ್ಞರ ಜಗಳ ಮುಗಿದಿಲ್ಲ.

ಮಳೆ ಬಿಟ್ಟ ಮೇಲೆ ರಸ್ತೆ ಕಡಿದ ಕಡೆ ಹೊಸದಾಗಿ ಒಡೆದ ಕಲ್ಲು ನೋಡಿ. ಜಿಡ್ಡು ಹೊಳಪು, ಹಸಿರು ಬೆರೆತ ಬೂದು ಬಣ್ಣ ಇದ್ದರೆ ಚಾರ್ನೊಕೈಟ್ ಇರಬಹುದು, ಫೋಟೋ ಹಾಕಿ. ಜರಿಯುವ ಬರೆ ಹತ್ತಿರ ಮಾತ್ರ ಹೋಗಬೇಡಿ.