ಸಮಸ್ಯೆ: ನುಂಗಿದ ಹಾವಿನದೆ ಬೆನ್ನ ಮೇಲೆಯೆ ನಿಂತಳ್

ಕಂದ ಎಂದರೆ ಮಾತ್ರೆ (ಉಚ್ಚಾರಣೆಯ ಕಾಲದಳತೆ) ಎಣಿಸಿ ಬರೆಯುವ ನಾಲ್ಕು ಸಾಲಿನ ಪದ್ಯ. ಅದರ ಕೊನೆಯ ಪಾದ ಕೊಟ್ಟಿದ್ದೆ, ಉಳಿದ ಮೂರು ಸಾಲು ಬರೆದು ಅದಕ್ಕೆ ಅರ್ಥ ಕೂಡಿಸುವುದೇ ಪೂರಣ. ಪ್ರಾಸ, ಅಂದರೆ ಪ್ರತಿ ಸಾಲಿನ ಮೊದಲಲ್ಲಿ ಮರಳಿ ಬರಬೇಕಾದ ಸದ್ದು, 'ಂಗ'. ಕಾಳಿಂಗಮರ್ದನ ಅಲ್ವಾ ಎಂದು ಇಬ್ಬರು ಕೇಳಿದ್ದೀರಿ. ಅಲ್ಲ. ಕಾಳಿಂಗ ಕೃಷ್ಣನನ್ನು ನುಂಗಲಿಲ್ಲ. ಅಘಾಸುರ ಇನ್ನೂ ಹತ್ತಿರ: ಹೆಬ್ಬಾವಾಗಿ ಬಾಯಿ ತೆರೆದು ಮಲಗಿದ್ದ, ಕೃಷ್ಣ ಒಳಹೊಕ್ಕು ಬೆಳೆದ. ಆದರೆ 'ನಿಂತಳ್' ಎಂದಿದೆ ನೋಡಿ, ಇಲ್ಲಿರುವವಳು ಹೆಣ್ಣು.

ಅವಳು ಅಂತಿಯೋಕ್ಯದ ಸಂತ ಮಾರ್ಗರೆಟ್. ಯುರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಅವಳ ಚಿತ್ರ ತುಂಬಾ ಸಿಗುತ್ತದೆ. ಇಂಗ್ಲೆಂಡಿನ ಚಾರ್ಲ್‌ವುಡ್ ಚರ್ಚಿನ ಗೋಡೆಯ ಮೇಲೆ 13ನೇ ಶತಮಾನದಲ್ಲಿ ಬರೆದ ಅವಳ ಕಥೆ ಇವತ್ತಿಗೂ ಉಳಿದಿದೆ. ಸೆರೆಮನೆಯಲ್ಲಿದ್ದ ಅವಳನ್ನು ಸೈತಾನ ಡ್ರ್ಯಾಗನ್ ಆಗಿ ಬಂದು ನುಂಗಿದ, ಶಿಲುಬೆಯ ಬಲದಿಂದ ಅದರ ಹೊಟ್ಟೆ ಬಿರಿದು ಅವಳು ಹೊರಬಂದಳು. ಡ್ರ್ಯಾಗನ್ನನ್ನು ಹಾವು ಅನ್ನಬಹುದಾ ಎಂಬ ಅನುಮಾನ ಬೇಡ, ಬೈಬಲ್ಲಿನ ಪ್ರಕಟನೆ ಪುಸ್ತಕದ 12ನೇ ಅಧ್ಯಾಯವೇ ಸೈತಾನನೆಂಬ ಘಟಸರ್ಪವನ್ನು, ಅಂದರೆ ಡ್ರ್ಯಾಗನ್ನನ್ನು, 'ಪುರಾತನ ಸರ್ಪ' ಎಂದು ಕರೆಯುತ್ತದೆ.

ನನಗೆ ಇಷ್ಟವಾದದ್ದು ಕಥೆಗಿಂತ ಅದನ್ನು ಬಿಡಿಸಿದ ರೀತಿ. ನುಂಗಿದ್ದನ್ನೂ ಹೊರಬಂದದ್ದನ್ನೂ ಒಂದೇ ಚಿತ್ರದಲ್ಲಿ ತೋರಿಸಬೇಕು, ಹೇಗೆ? ಎಷ್ಟೋ ಕಲಾವಿದರು ಮಾಡಿದ್ದು ಇಷ್ಟೇ: ಅವಳು ಡ್ರ್ಯಾಗನ್ನಿನ ಬೆನ್ನು ಸೀಳಿ ಮೇಲೆದ್ದಿದ್ದಾಳೆ, ಕೈ ಮುಗಿದಿದ್ದಾಳೆ, ಆದರೆ ಅಂಗಿಯ ತುದಿ ಇನ್ನೂ ಅದರ ಬಾಯಿಂದ ನೇತಾಡುತ್ತಿದೆ. ಅದಕ್ಕೆ ನುಂಗಿ ಮುಗಿಸುವಷ್ಟು ಹೊತ್ತೂ ಸಿಗಲಿಲ್ಲ! ಒಂದು ತುಂಡು ಬಟ್ಟೆಯಲ್ಲಿ ಹಿಂದಿನ ಗಳಿಗೆಯೂ ಈಗಿನ ಗಳಿಗೆಯೂ ಕೂಡಿಬಿಟ್ಟವು. ನಾವು ಮಾತ್ರೆ ಎಣಿಸಿ ಮಾಡುವ ಪೂರಣವನ್ನು ಅವರು ಕುಂಚದಲ್ಲಿ, ಉಳಿಯಲ್ಲಿ ಮಾಡಿದರು. ಹಾಗಾಗಿ ನನ್ನ ಪೂರಣದಲ್ಲೂ ಆ ಅಂಗಿಯ ತುದಿ ಬರಲೇಬೇಕಿತ್ತು:

ಅಂಗಿಯ ತುದಿಯಿನ್ನುಂ ಬಾ-
ಯಂಗಳದೊಳ್ ಸಿಲುಕಿರಲ್ಕೆ ಕೈಮುಗಿದವಳೇ
ಹಿಂಗದೆ ಬಸುರಂ ಸೀಳ್ದಾ
ನುಂಗಿದ ಹಾವಿನದೆ ಬೆನ್ನ ಮೇಲೆಯೆ ನಿಂತಳ್

13ನೇ ಶತಮಾನದಲ್ಲಿ ಸಂತರ ಕಥೆಗಳನ್ನು ಸೇರಿಸಿ ಬರೆದ ಯಾಕೊಬಸ್ ದೆ ವೊರಾಜಿನೆ ಈ ನುಂಗಿದ ಪ್ರಸಂಗ ನಂಬುವಂಥದ್ದಲ್ಲ ಎಂದುಬಿಟ್ಟ. ಜನ ಕೇಳಲಿಲ್ಲ. ಹೊಟ್ಟೆಯೊಳಗಿಂದ ಸುರಕ್ಷಿತವಾಗಿ ಬಂದವಳು ಎಂದು ಹೆರಿಗೆಯ ಹೆಂಗಸರು ಅವಳಿಗೇ ಮೊರೆ ಹೋದರು, ನೋವಿನ ಹೊತ್ತಲ್ಲಿ ಅವಳ ಕಥೆ ಓದಿಸಿದರು. ಈ ಎಳೆ ಹಿಡಿದು ಯಾರಾದರೂ ಇನ್ನೊಂದು ಕಂದ ಬರೆಯಿರಿ, ನನ್ನದರಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಮುಂದಿನ ಸಮಸ್ಯೆಯೂ ಅದೇ ಚರ್ಚುಗಳದ್ದು, ಕಂದವೇ:

ಹಾವಿರ್ದಾ ಬಟ್ಟಲನ್ನೆ ನಗುತಂ ಕುಡಿದಂ

ಕೈಯಲ್ಲಿ ಬಟ್ಟಲು, ಅದರಿಂದ ತಲೆಯೆತ್ತಿದ ಪುಟ್ಟ ಹಾವು: ಇದು ಯೇಸುವಿನ ಶಿಷ್ಯ ಸಂತ ಯೋಹಾನನ ಗುರುತು. ಎಫೆಸದಲ್ಲಿ ಡಯಾನಾ ದೇವಿಯ ಪೂಜಾರಿ ಕೊಟ್ಟ ವಿಷವನ್ನು ಮೊದಲು ಕುಡಿದ ಇಬ್ಬರು ಕೈದಿಗಳು ಸತ್ತರು, ಇವನು ಶಿಲುಬೆಯ ಗುರುತು ಮಾಡಿ ಕುಡಿದ, ಏನೂ ಆಗಲಿಲ್ಲ ಎಂಬ ಕಥೆಯಿದೆ. ನಂಜುಂಡನನ್ನು ತಂದರೂ ಸರಿ. 'ವ' ಪ್ರಾಸ ಸುಲಭ: ದೇವ, ಸಾವು, ಜೀವ. ಮೊದಲಕ್ಷರ ಮಾತ್ರ ಗುರುವೇ (ಎರಡು ಮಾತ್ರೆಯ ಅಕ್ಷರವೇ) ಇರಲಿ.